ಗೊರಕೆಯೂ ಉಸಿರಿನ ಯಂತ್ರವೂ

ಗೊರಕೆಯನ್ನು ರೋಗವೆಂದು ನಮ್ಮ ಸೀಮೆಯಲ್ಲಿ ಹಿಂದೆ ಯಾರೂ ಎಣಿಸಿದಂತೆ ಕಾಣುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಜಗಲಿಯ ಮೂಲೆಯಲ್ಲಿ ಮಲಗಿದ ಹಿರಿಯರು ಗೊರಕೆ ಹೊಡೆಯತೊಡಗಿದರೆ, ಮೆಟ್ಟುಗತ್ತಿಯ ಮುಂದೆ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಿ ನಗುವುದು, “ಪುಣ್ಯವಂತರು, ಬಿದ್ದಲ್ಲಿ ನಿದ್ದೆ” ಎನ್ನುವುದು, ಇಷ್ಟರಲ್ಲಿಯೇ ಆ ವಿಷಯವು ಮುಗಿಯುತ್ತಿತ್ತು. ಆಟದ ರಂಗಸ್ಥಳದಲ್ಲಿ ಕುಂಭಕರ್ಣನ ನಿದ್ರೆಯ ಸಂದರ್ಭ ಬಂದಿತೆಂದರೆ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ವಿನೋದ. ಹೆಗ್ಗೋಡಿನ ನೀನಾಸಮ್ಮಿನ ನಾಟಕಶಾಲೆಯಲ್ಲಿ ದೀಪವಾರಿದ ಮೇಲೆ ಹಿಂದಿನ ಸಾಲಿನಿಂದ ಗೊರಕೆ ಕೇಳಿಸಿದರೆ ಪಕ್ಕದವರು ಮೊಣಕೈಯಿಂದ ತಿವಿಯುತ್ತಾರೆಯೇ ಹೊರತು, ಈ ಮನುಷ್ಯನಿಗೆ ಸಂಜೆ ಏಳು ಗಂಟೆಗೇ ಏಕೆ ಇಷ್ಟು ನಿದ್ರೆ ಎಂದು ವಿಚಾರಿಸುವವರಿಲ್ಲ. ಈ ತಿಂಗಳು ನಾವು ವಿಚಾರಿಸಬೇಕೆಂದಿರುವುದು ಆ ಪ್ರಶ್ನೆಯನ್ನೇ.

ನಿದ್ರೆ ಬಂದಾಗ ಮೈಯ ಮಾಂಸಖಂಡಗಳೆಲ್ಲ ಸಡಿಲುವಂತೆ ಗಂಟಲಿನವೂ ಸಡಿಲುವುವು. ಕೆಲವರಿಗೆ ಗಂಟಲಿನ ದಾರಿಯು ಮೊದಲೇ ಕಿರಿದು. ಕೊಬ್ಬಿನಿಂದಲೋ, ಕೆಳದವಡೆಯು ಹಿಂದಕ್ಕೆ ಸರಿದಿರುವುದರಿಂದಲೋ, ಗಂಟಲ ಗ್ರಂಥಿಗಳು ಬೆಳೆದಿರುವುದರಿಂದಲೋ ಹಾಗಿರಬಹುದು. ಅಂತಹವರಲ್ಲಿ ಸಡಿಲಿದ ನಾಲಗೆಯ ಬುಡವೂ ಕಿರುನಾಲಗೆಯ ಸುತ್ತಿನ ಮೆತ್ತನೆಯ ಭಾಗವೂ ಹಿಂದಕ್ಕೆ ಬಿದ್ದು ದಾರಿಯನ್ನು ಇಕ್ಕಟ್ಟು ಮಾಡಿದಾಗ, ಗಾಳಿಯು ಅದರಲ್ಲಿ ನುಗ್ಗಿ ಹೋಗುವ ಸದ್ದೇ ಗೊರಕೆ. ದಾರಿಯು ಪೂರ್ತಿ ಮುಚ್ಚಿದರೆ ಸದ್ದೂ ಇಲ್ಲ, ಉಸಿರೂ ಇಲ್ಲ. ಎದೆ ಹೊಟ್ಟೆಗಳು ಏರಿಳಿಯಲು ಹೆಣಗುತ್ತಿರುವುವು, ಒಳಕ್ಕೆ ಗಾಳಿ ಮಾತ್ರ ಹೋಗದು. ರಕ್ತದಲ್ಲಿರುವ ಆಮ್ಲಜನಕವು ಇಳಿಯುತ್ತ ಬರಲು, ಮಿದುಳು ಅಪಾಯವನ್ನರಿತು ಕ್ಷಣಮಾತ್ರ ಎಚ್ಚರಿಸುವುದು. ಮನುಷ್ಯನು ದೊಡ್ಡದಾಗಿ ಏದುಸಿರು ತೆಗೆದು, ಹೊರಳಿ, ಮತ್ತೆ ನಿದ್ರೆಗೆ ಜಾರುವನು. ಬೆಳಗ್ಗೆ ಅವನಿಗೆ ಇದರ ನೆನಪೇ ಇರುವುದಿಲ್ಲ. ಗಂಟೆಗೆ ಮೂವತ್ತು ನಲವತ್ತು ಸಲ ಹೀಗೆ ನಡೆದರೂ, ತಾನು ರಾತ್ರಿಯೆಲ್ಲ ಸುಖವಾಗಿ ಮಲಗಿದ್ದೆನೆಂದು ಅವನು ಪ್ರಮಾಣ ಮಾಡಿ ಹೇಳಬಲ್ಲನು.

ವೈದ್ಯರು ಇದನ್ನು ಸ್ಲೀಪ್ ಏಪ್ನಿಯಾ ಎಂದು ಕರೆಯುತ್ತಾರೆ. ಏಪ್ನಿಯಾ ಎಂಬುದು ಗ್ರೀಕ್ ಮೂಲದ ಮಾತು, ಉಸಿರಿಲ್ಲದಿರುವಿಕೆ ಎಂದರ್ಥ. ಅದರ ಮೊದಲಿನ ಅಕಾರವು ನಮ್ಮ ಅಧರ್ಮ, ಅಶಕ್ತ ಮೊದಲಾದ ಪದಗಳಲ್ಲಿರುವ ನಿಷೇಧಾರ್ಥದ ಅಕಾರದ ಒಡಹುಟ್ಟು. ಇದನ್ನು ಸಂಸ್ಕೃತದಲ್ಲಿ ‘ನಿಃಶ್ವಾಸ’ವೆಂದು ಹೇಳೋಣವೆಂದರೆ, ಆ ಪದಕ್ಕೆ ಹೊರಬಿಡುವ ಉಸಿರೆಂಬ ಅರ್ಥವು ರೂಢಿಯಾಗಿರುವುದರಿಂದ ಅನರ್ಥವಾದೀತು; ‘ಕುಂಭಕ’ವೆನ್ನೋಣವೆಂದರೆ ಅದು ಪ್ರಾಣಾಯಾಮ ಮಾಡುವವನು ತಿಳಿದು ಹಿಡಿಯುವ ಉಸಿರು, ಇದು ತಿಳಿಯದೆ ಕಟ್ಟುವ ಉಸಿರು. ನಿದ್ರಾಶ್ವಾಸಸ್ತಂಭವೆಂದು ನಾವೇನೋ ಇಟ್ಟುಕೊಳ್ಳಬಹುದು. ಆದರೆ ಡಾಕ್ಟರರ ಕೊಠಡಿಯಲ್ಲಿ ಆ ನಾಣ್ಯವು ಚಲಾವಣೆಯಾಗದು. ಏಪ್ನಿಯಾ ಎಂಬುದನ್ನೇ ವಾಚಕರು ಬಾಯಿಗೆ ರೂಢಿ ಮಾಡಿಕೊಳ್ಳುವುದು ಲೇಸು.

ನಮ್ಮ ಪ್ರಾಚೀನರು ನಿದ್ರೆಯನ್ನು ಹಗುರವಾಗಿ ಕಂಡವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರ ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಶರೀರಕ್ಕೆ ಆಧಾರವಾದ ಮೂರು ಉಪಸ್ತಂಭಗಳಲ್ಲಿ ಸೇರಿಸಿದೆ. ಅದೇ ಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲರ ಮತ್ತು ಅತಿಕೃಶರ ವಿಚಾರವನ್ನು ಹೇಳಿ, ಅದರ ಬೆನ್ನಿಗೇ ನಿದ್ರೆಯ ವಿಚಾರವನ್ನು ಎತ್ತಿಕೊಂಡಿರುವುದು ಗಮನಾರ್ಹವಾದುದು. ಹೀಗೆಂದು ಉಸಿರು ಕಟ್ಟುವ ಈ ವ್ಯಾಧಿಯು ಚರಕನಿಗೆ ಗೊತ್ತಿತ್ತೆಂದು ಸಾಧಿಸಹೊರಡುವುದು ಅತ್ಯುಕ್ತಿ. ಪಾಶ್ಚಾತ್ಯ ವೈದ್ಯರೇ ನಿದ್ರಿಸುವವರ ಉಸಿರನ್ನು ಯಂತ್ರಗಳಿಂದ ಅಳೆದು ಇದನ್ನು ಸ್ಪಷ್ಟವಾಗಿ ವರ್ಣಿಸಿದುದು ೧೯೬೫ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ.

ಈ ವ್ಯಾಧಿಯನ್ನು ಮೊದಲು ಕಾಣತಕ್ಕವರು ಪಕ್ಕದಲ್ಲಿ ಮಲಗುವ ಮನೆಯವರು. ಆದುದರಿಂದ ಗೃಹಿಣಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಗೊರಕೆಯು ಒಂದೇ ಸಮನಾಗಿದ್ದರೆ ಅಷ್ಟು ಗಾಬರಿಯಿಲ್ಲ. ಏರುತ್ತ ಹೋಗಿ ಫಕ್ಕನೆ ನಿಂತು, ಮನೆಯೆಲ್ಲ ನಿಶ್ಶಬ್ದವಾಗಿ, ಬಳಿಕ ಉಬ್ಬಸದ ಸದ್ದಿನೊಡನೆ ಮತ್ತೆ ಪ್ರಾರಂಭವಾಗುವುದಾದರೆ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡಿಕೊಳ್ಳಬೇಕು. ಹತ್ತು ಸೆಕೆಂಡು ಉಸಿರು ನಿಂತರೆ ವೈದ್ಯರ ಲೆಕ್ಕದಲ್ಲಿ ಅದು ಒಂದು ಏಪ್ನಿಯಾ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದಷ್ಟೆ, ಎರಡು ನಿಮಿಷದ ಚಿತ್ರವನ್ನು ತೆಗೆದಿಟ್ಟುಕೊಂಡರೆ, “ನಾನೆಲ್ಲಿ ಗೊರಕೆ ಹೊಡೆಯುತ್ತೇನೆ?” ಎಂದು ವಾದಿಸುವ ಯಜಮಾನರಿಗೂ ಉತ್ತರವಾಗುವುದು, ಡಾಕ್ಟರರಿಗೂ ಸಾಕ್ಷಿ ಸಿಕ್ಕುವುದು.

ಹಗಲಿನ ಲಕ್ಷಣಗಳೂ ಉಂಟು. ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮರೆವು, ಸಣ್ಣದಕ್ಕೂ ಸಿಡುಕು, ಪತ್ರಿಕೆ ಹಿಡಿದೊಡನೆ ತೂಕಡಿಕೆ. ಮೂರು ಬಗೆಯ ಗುಳಿಗೆ ನುಂಗಿದರೂ ರಕ್ತದ ಒತ್ತಡವು ಇಳಿಯದಿರುವಲ್ಲಿ ಈ ವ್ಯಾಧಿಯನ್ನು ಶಂಕಿಸಲೇಬೇಕು. ಮೆಲ್ಬರ್ನಿನ ಮರ್ರಿ ಜಾನ್ಸ್ ಎಂಬ ವೈದ್ಯರು ೧೯೯೧ರಲ್ಲಿ ತೂಕಡಿಕೆಯನ್ನಳೆಯಲು ಒಂದು ಸುಲಭವಾದ ಪಟ್ಟಿಯನ್ನು ಮಾಡಿದರು: ಓದುವಾಗ, ಬಸ್ಸಿನಲ್ಲಿ ಕುಳಿತಾಗ, ಊಟವಾದ ಮೇಲೆ, ಹೀಗೆ ಎಂಟು ಸಂದರ್ಭಗಳು, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ೨೪ರಲ್ಲಿ ಹತ್ತನ್ನು ಮೀರಿದರೆ ವೈದ್ಯರನ್ನು ಕಾಣತಕ್ಕದ್ದು. ಕಡಿಮೆ ಅಂಕ ಬಂದಷ್ಟಕ್ಕೇ ನಿಶ್ಚಿಂತರಾಗಿರುವಂತೆಯೂ ಇಲ್ಲ. ತೂಕಡಿಕೆಯಿಲ್ಲದ ರೋಗಿಗಳೂ ಅನೇಕರುಂಟು.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮುಟ್ಟು ನಿಂತ ಮೇಲೆ ಅವರಲ್ಲಿಯೂ ಈ ವ್ಯಾಧಿ ಹೆಚ್ಚುವುದು. ಆದರೆ ಗೊರಕೆಯು ಅಷ್ಟು ದೊಡ್ಡದಾಗಿರದೆ, ನಿದ್ರೆ ಬಾರದಿರುವುದು, ಸದಾ ಆಯಾಸ, ಮನಸ್ಸಿನ ಕುಗ್ಗು, ಇಂತಹ ರೂಪದಲ್ಲಿ ತೋರುವುದರಿಂದ, “ಮನೆಗೆಲಸದ ದಣಿವು” ಎಂದು ಎಲ್ಲರೂ, ಅವರು ತಾವೂ ಕೂಡ, ತಳ್ಳಿಹಾಕುವುದೇ ಹೆಚ್ಚು. ಗಂಡಸರ ಗೊರಕೆಯನ್ನು ಎಣಿಸಲು ಹೆಂಡತಿಯಿರುವಳು. ಹೆಂಡತಿಯ ಉಸಿರನ್ನು ಎಣಿಸಲು ಎಚ್ಚರವಾಗಿರುವ ಗಂಡಂದಿರು ನಮ್ಮಲ್ಲಿ ವಿರಳ. ಮಕ್ಕಳು ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದರೆ, ಹಾಸಿಗೆ ಒದ್ದೆ ಮಾಡುತ್ತಿದ್ದರೆ, ಶಾಲೆಯಲ್ಲಿ ಒಂದೆಡೆ ಕುಳಿತುಕೊಳ್ಳದಿದ್ದರೆ, ಮೂಗು ಗಂಟಲುಗಳ ಗ್ರಂಥಿಗಳನ್ನು ಪರೀಕ್ಷೆ ಮಾಡಿಸಬೇಕು. ಮಕ್ಕಳಿಗೆ ಬಹುಮಟ್ಟಿಗೆ ಆ ಗ್ರಂಥಿಗಳನ್ನು ತೆಗೆಯುವುದೇ ಮೊದಲ ಚಿಕಿತ್ಸೆ. ಅಧ್ಯಾಪಕ ವೃತ್ತಿಯ ನಮ್ಮ ದೀರ್ಘಾವಧಿಯಲ್ಲಿ ಮಂದಬುದ್ಧಿಯವರೆನಿಸಿಕೊಂಡ ಎಷ್ಟು ಹುಡುಗರು ನಿಜವಾಗಿ ನಿದ್ರೆಗೆಟ್ಟವರಾಗಿದ್ದರೋ ಎಂದು ಈಗ ಯೋಚನೆಯಾಗುವುದು.

ಸ್ಥೂಲಕಾಯರಿಗೆ ಮಾತ್ರ ಇದು ಬರುವುದೆಂಬ ನಂಬಿಕೆಯನ್ನು ಬಿಡತಕ್ಕದ್ದು. ಸ್ಥೂಲತೆಯು ದೊಡ್ಡ ಕಾರಣವೆಂಬುದು ನಿಜವೇ. ಕತ್ತಿನ ಸುತ್ತಳತೆಯು ೪೦ ಸೆಂಟಿಮೀಟರನ್ನು ಮೀರಿದವರು ಎಚ್ಚರಿಕೆಯಿಂದಿರಬೇಕು. ಆದರೆ ಏಷ್ಯಾದವರ ದವಡೆಯ ರಚನೆಯಿಂದಾಗಿ ನಮ್ಮಂತಹವರಲ್ಲಿ ಮೈತೂಕ ಅಷ್ಟಿಲ್ಲದಿದ್ದರೂ ಇದು ಬರುವುದುಂಟು. ಪ್ರಸಿದ್ಧ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು ೨೦೨೨ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಅವರಿಗೆ ಚಿಕಿತ್ಸೆ ಮಾಡಿದ ವೈದ್ಯರು ಈ ವ್ಯಾಧಿಯ ಹೆಸರನ್ನೇ ಹೇಳಿದ್ದರು. ಗೊರಕೆಯೂ ಸುದ್ದಿಯಾದೀತೆಂದು ನಮ್ಮೂರಿನ ಅನೇಕರಿಗೆ ಅಂದೇ ಮೊದಲು ತಿಳಿದುದು.

ಇನ್ನು ಪರೀಕ್ಷೆಯ ವಿಚಾರ. ಸಾಗರದ ಆಸ್ಪತ್ರೆಯಲ್ಲಿಯೋ ನಿಮ್ಮ ಮನೆಯ ಡಾಕ್ಟರರಲ್ಲಿಯೋ ಮೊದಲು ಹೇಳಿಕೊಂಡು, ಅವರಿಂದ ಪತ್ರವನ್ನು ಪಡೆದು, ಶ್ವಾಸಕೋಶದ ತಜ್ಞರನ್ನಾಗಲಿ ಕಿವಿ ಮೂಗು ಗಂಟಲಿನ ತಜ್ಞರನ್ನಾಗಲಿ ಕಾಣುವುದು ಕ್ರಮ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜೇ ಇರುವುದರಿಂದ ಅಲ್ಲಿ ವಿಚಾರಿಸದೆ ಮುಂದೆ ಹೋಗಬೇಕಾಗಿಲ್ಲ. ಪೂರ್ಣವಾದ ನಿದ್ರಾಪರೀಕ್ಷೆ ಬೇಕೆಂದಾದರೆ, ಹೊಸನಗರ ತೀರ್ಥಹಳ್ಳಿಗಳವರು ಘಟ್ಟವಿಳಿದು ಮಣಿಪಾಲಕ್ಕೆ ಹೋಗುವುದುಂಟು. ನಮ್ಮ ಹೆಗ್ಗೋಡಿನ ಕಡೆಯವರು ತಾಳಗುಪ್ಪದಿಂದ ಬರುವ ರಾತ್ರಿಯ ರೈಲನ್ನು ಸಾಗರದಲ್ಲಿ ಹತ್ತಿ ಬೆಂಗಳೂರಿಗೆ ಹೋಗುವರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನಿದ್ರೆಯ ವ್ಯಾಧಿಗಳ ಅಧ್ಯಯನವು ಬಹುಕಾಲದಿಂದ ನಡೆದುಬಂದಿದೆ. ರಾತ್ರಿ ಅಲ್ಲಿಯೇ ಮಲಗಿಸಿ, ತಲೆಗೂ ಕಣ್ಣಿನ ಬಳಿಗೂ ಗದ್ದಕ್ಕೂ ತಂತಿಗಳನ್ನಂಟಿಸಿ, ಎದೆ ಹೊಟ್ಟೆಗಳಿಗೆ ಪಟ್ಟಿ ಸುತ್ತಿ, ಬೆರಳಿಗೆ ಆಮ್ಲಜನಕವನ್ನಳೆಯುವ ಚಿಮುಟವನ್ನು ಹಾಕುವರು. ಇಷ್ಟೆಲ್ಲ ಕಟ್ಟಿಕೊಂಡು ನಿದ್ರೆ ಬಂದೀತೇ ಎಂದು ಎಲ್ಲರೂ ಕೇಳುವರು; ಬಹುಮಂದಿಗೆ ಬರುವುದು. ಹೃದಯ ಶ್ವಾಸಕೋಶಗಳ ಬೇರೆ ರೋಗವಿಲ್ಲದವರಿಗೆ ಮನೆಯಲ್ಲಿಯೇ ಮಾಡುವ ಸಣ್ಣ ಪರೀಕ್ಷೆಯು ಸಾಕಾಗಬಹುದು. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬುದೇ ಮುಖ್ಯವಾದ ಅಂಕ. ಐದರೊಳಗಿದ್ದರೆ ಚಿಂತೆಯಿಲ್ಲ, ೫ರಿಂದ ೧೫ ಅಲ್ಪ, ೧೫ರಿಂದ ೩೦ ಮಧ್ಯಮ, ೩೦ಕ್ಕೆ ಮೇಲ್ಪಟ್ಟರೆ ತೀವ್ರ.

ತೀವ್ರವಾದ ರೋಗಕ್ಕೆ ಮೊದಲು ಗಂಟಲಿನ ಕೆಳಗೆ ಕೊರೆದು ಉಸಿರಿಗೆ ಬೇರೆ ದಾರಿ ಮಾಡುವುದೊಂದೇ ಉಪಾಯವಾಗಿತ್ತು. ಆಸ್ಟ್ರೇಲಿಯಾದ ಸಿಡ್ನಿ ನಗರದ ಕಾಲಿನ್ ಸಲಿವನ್ ಎಂಬ ವೈದ್ಯರು, ಕಸ ಹೀರುವ ಯಂತ್ರದ ಮೋಟಾರಿನಿಂದ ಗಾಳಿಯನ್ನು ಊದಿಸಿ, ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಕೊಟ್ಟರೆ ಗಂಟಲಿನ ದಾರಿ ಮುಚ್ಚುವುದಿಲ್ಲವೆಂದು ತೋರಿಸಿ, ೧೯೮೧ರಲ್ಲಿ ಅದನ್ನು ಪ್ರಕಟಿಸಿದರು. ಸಿಪ್ಯಾಪ್ ಎಂಬ ಹೆಸರಿನಿಂದ ಇಂದು ಮಾರಾಟವಾಗುತ್ತಿರುವ ಯಂತ್ರವು ಅದರ ಸಂತತಿ. ಇದು ಆಮ್ಲಜನಕದ ಯಂತ್ರವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ; ಕೋಣೆಯ ಗಾಳಿಯನ್ನೇ ತೆಗೆದುಕೊಂಡು ಸ್ವಲ್ಪ ಒತ್ತಿ ಕೊಡುವುದಷ್ಟೆ. ಒತ್ತಡವನ್ನು ನೀರಿನ ಸೆಂಟಿಮೀಟರುಗಳಲ್ಲಿ ಅಳೆಯುವರು. ನೀರಿನ ಪಾತ್ರೆಯಲ್ಲಿ ಕೊಳವೆಯನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಅದ್ದಿ ಊದಿದರೆ, ಕೆಳತುದಿಯಿಂದ ಗುಳ್ಳೆ ಬರಲು ಎಷ್ಟು ಒತ್ತಡ ಬೇಕೋ ಅದು ಹತ್ತು. ನಮ್ಮ ಸುತ್ತಣ ವಾಯುಭಾರದ ನೂರರಲ್ಲೊಂದು ಪಾಲಿನಷ್ಟೂ ಆಗದು. ಇಷ್ಟು ಅಲ್ಪವಾದುದೇ ಗಂಟಲನ್ನು ಒಳಗಿನಿಂದ ತೆರೆದಿಟ್ಟು ಕಾಯುವುದು. ಆದರೆ ಈ ಅಲ್ಪವು ಯಾರಿಗೆ ಎಷ್ಟು ಎಂಬುದರಲ್ಲಿಯೇ ಚಿಕಿತ್ಸೆಯ ಜೀವವೆಲ್ಲ ಅಡಗಿದೆ. ಈ ಜಾತಿಯ ಯಂತ್ರಗಳು ಸಾಮಾನ್ಯವಾಗಿ ನಾಲ್ಕರಿಂದ ಇಪ್ಪತ್ತರವರೆಗೆ ಒತ್ತಡವನ್ನು ಕೊಡಬಲ್ಲವು. ಒಬ್ಬರಿಗೆ ಆರು ಸಾಕು, ಮತ್ತೊಬ್ಬರಿಗೆ ಹದಿನಾಲ್ಕು ಬೇಕು. ಅದೇ ಮನುಷ್ಯನಿಗೆ ಮಗ್ಗುಲಾಗಿ ಮಲಗಿದಾಗ ಒಂದು, ಅಂಗಾತನಾಗಿ ಕನಸು ಕಾಣುವಾಗ ಮತ್ತೊಂದು.

ಇಲ್ಲಿ ನಮ್ಮ ಪರಿಚಯದ ಗೃಹಸ್ಥರೊಬ್ಬರ ಸಂಗತಿಯನ್ನು ಹೇಳಿದರೆ ವಿಷಯವು ಸ್ಪಷ್ಟವಾದೀತು. ಇವರು ಹೊಸನಗರ ತಾಲ್ಲೂಕಿನ ತೋಟಿಗರು, ವಯಸ್ಸು ಐವತ್ತೈದರ ಆಸುಪಾಸು, ಮೈಕಟ್ಟು ದಪ್ಪವೆನ್ನುವಂತಿಲ್ಲ. ಹುಲಿಕಲ್ ಘಟ್ಟದಲ್ಲಿ ಜೀಪು ನಡೆಸುತ್ತಿದ್ದಾಗ ಒಮ್ಮೆ ಕಣ್ಣು ಮುಚ್ಚಿಹೋಗಿ, ಪಕ್ಕದಲ್ಲಿದ್ದ ಮಗನು ಸ್ಟಿಯರಿಂಗನ್ನು ಹಿಡಿದೆಳೆದುದರಿಂದ ಇಬ್ಬರೂ ಉಳಿದರು. ಬಳಿಕ ಮನೆಯಾಕೆಯ ಒತ್ತಾಯದಿಂದ ಪರೀಕ್ಷೆಯಾಯಿತು. ಗಂಟೆಗೆ ಮೂವತ್ತೆಂಟು ಸಲವೆಂದು ತಿಳಿಯಿತು. ಒಂದು ಪಟ್ಟಣದ ಅಂಗಡಿಯವರು ಆ ವಾರವೇ ಯಂತ್ರವನ್ನು ಮಾರಿದರು. ಪೆಟ್ಟಿಗೆ ಬಿಚ್ಚಿ, ಗುಂಡಿ ತೋರಿಸಿ, “ಇದು ಆಟೋಮ್ಯಾಟಿಕ್ಕು ಸ್ವಾಮಿ, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ” ಎಂದರಂತೆ. ಕಾರ್ಖಾನೆಯಿಂದ ಬಂದಾಗ ಅದು ಕನಿಷ್ಠ ೪, ಗರಿಷ್ಠ ೨೦ ಎಂದಿತ್ತು, ಹಾಗೆಯೇ ಉಳಿಯಿತು. ಮಲಗಿದೊಡನೆ ನಾಲ್ಕರ ಒತ್ತಡದಲ್ಲಿ ಅವರಿಗೆ ಗಾಳಿಯೇ ಸಾಲದೆ ಉಸಿರು ಸಿಕ್ಕಿಕೊಂಡಂತಾಗುವುದು. ನಡುರಾತ್ರಿ ಯಂತ್ರವು ಒತ್ತಡವನ್ನು ಏರಿಸುತ್ತ ಹೋದಂತೆ, ಮುಖಕ್ಕೆ ದೊಡ್ಡದಾದ ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುವುದು, ಸಿಳ್ಳಿನಂತಹ ಸದ್ದಿಗೆ ಮನೆಯವರೆಲ್ಲ ಏಳುವುದು, ಬೆಳಗ್ಗೆ ಹೊಟ್ಟೆಯೆಲ್ಲ ಗಾಳಿಯಿಂದ ಉಬ್ಬಿರುವುದು. ಹನ್ನೊಂದು ರಾತ್ರಿ ಸಹಿಸಿ, ಹನ್ನೆರಡನೆಯ ದಿನ ಅದನ್ನು ಅಟ್ಟಕ್ಕೆ ಹಾಕಿದರು.

ಒಂದು ವರ್ಷದ ಮೇಲೆ ರಕ್ತದೊತ್ತಡಕ್ಕಾಗಿ ಬೇರೊಬ್ಬ ಡಾಕ್ಟರರಲ್ಲಿಗೆ ಹೋದಾಗ ಯಂತ್ರದ ಮಾತು ಬಂದಿತು. “ಆ ಯಂತ್ರವನ್ನು ತನ್ನಿ” ಎಂದರು ಅವರು. ಯಂತ್ರದೊಳಗಣ ಸಣ್ಣ ಚೀಟಿಯಲ್ಲಿ ಆ ಹನ್ನೊಂದು ರಾತ್ರಿಗಳ ಚರಿತ್ರೆಯೆಲ್ಲ ದಾಖಲಾಗಿತ್ತು. ಅದನ್ನು ಕಂಪ್ಯೂಟರಿನಲ್ಲಿ ಓದಿ, ಮೊದಲು ಮಾಸ್ಕನ್ನು ಬದಲಿಸಿದರು: ಬಾಯಿ ಮೂಗುಗಳೆರಡನ್ನೂ ಮುಚ್ಚುವುದರ ಬದಲು, ಮುಖವನ್ನು ಅಳತೆ ಮಾಡಿ, ಮೂಗಿಗೆ ಮಾತ್ರ ಕೂರುವ ಸಣ್ಣದು. ಸೋರಿಕೆಯಿಲ್ಲದ ಕಾಲದಲ್ಲಿ ಅವರಿಗೆ ಬೇಕಾಗಿದ್ದ ಒತ್ತಡವು ಹತ್ತರ ಸುತ್ತಮುತ್ತ ಇದ್ದುದನ್ನು ಕಂಡು ಕನಿಷ್ಠವನ್ನು ೭ಕ್ಕೆ ಏರಿಸಿ ಗರಿಷ್ಠವನ್ನು ೧೨ಕ್ಕೆ ಇಳಿಸಿದರು. ಉಸಿರು ಬಿಡುವಾಗ ಒತ್ತಡವು ತುಸು ತಗ್ಗುವಂತೆಯೂ ಮಾಡಿದರು. ಒಂದು ವಾರಕ್ಕೆ ಫೋನಿನಲ್ಲಿ ವಿಚಾರಣೆ, ಒಂದು ತಿಂಗಳಿಗೆ ಮತ್ತೆ ಚೀಟಿಯ ಪರೀಕ್ಷೆ. ಮೂವತ್ತೆಂಟು ಇದ್ದುದು ಮೂರಕ್ಕೆ ಇಳಿದಿತ್ತು. ಯಂತ್ರವೂ ಅದೇ, ಮನುಷ್ಯರೂ ಅವರೇ. ಈಗ ಮನೆಯಾಕೆಯದು ಬೇರೆಯೇ ದೂರು: “ಸದ್ದೇ ಇಲ್ಲದ್ದರಿಂದ ನನಗೆ ಹೆದರಿಕೆಯಾಗಿ ನಡುರಾತ್ರಿ ಎದ್ದು ಇವರ ಎದೆ ಮುಟ್ಟಿ ನೋಡುತ್ತೇನೆ.”

ಈ ಸಂಗತಿಯನ್ನು ಓದಿ, ತಮ್ಮ ಮನೆಯ ಯಂತ್ರವನ್ನೂ ಏಳು ಹನ್ನೆರಡಕ್ಕೆ ತಿರುಗಿಸಿಬಿಡುವ ಉತ್ಸಾಹಿಗಳಿರಬಹುದು. ದಯಮಾಡಿ ಹಾಗೆ ಮಾಡಬಾರದು. ಇನ್ನೊಬ್ಬರ ಕನ್ನಡಕವನ್ನು ಹಾಕಿಕೊಂಡಂತಾಗುವುದು ಮಾತ್ರವಲ್ಲದೆ ಬೇರೊಂದು ಅಪಾಯವೂ ಇದೆ. ಗಂಟಲು ಮುಚ್ಚಿ ಉಸಿರು ಕಟ್ಟುವುದು ಒಂದು ಬಗೆ. ಗಂಟಲು ತೆರೆದೇ ಇದ್ದು, ಉಸಿರಾಡೆಂಬ ಅಪ್ಪಣೆಯೇ ಮಿದುಳಿನಿಂದ ಬಾರದಿರುವುದು ಮತ್ತೊಂದು ಬಗೆ. ಎರಡನೆಯದು ಕೆಲವರಿಗೆ ಒತ್ತಡವನ್ನು ಏರಿಸಿದಷ್ಟೂ ಹೆಚ್ಚುವುದು. ಹೃದಯವು ದುರ್ಬಲವಾಗಿರುವವರಲ್ಲಂತೂ ಬಹಳ ಜಾಗರೂಕತೆ ಬೇಕು. ಎರಡನೆಯ ಬಗೆಗೆಂದು ಮಾಡಿದ, ಉಸಿರಿನ ಗತಿಯನ್ನನುಸರಿಸಿ ಒತ್ತಡವನ್ನು ಬದಲಿಸುವ ಬೇರೆ ಜಾತಿಯ ಯಂತ್ರವೊಂದನ್ನು ಹೃದಯದ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಅದನ್ನು ಬಳಸಿದವರಲ್ಲಿ ಹೃದಯದಿಂದಾದ ಸಾವುಗಳೇ ಹೆಚ್ಚಿದುದು ೨೦೧೫ರಲ್ಲಿ ಬೆಳಕಿಗೆ ಬಂದಿತು. ಯಂತ್ರದ ಅಂಕಗಳನ್ನು ಔಷಧದ ಪ್ರಮಾಣದಂತೆಯೇ ತಿಳಿಯತಕ್ಕದ್ದು; ಬದಲಾಯಿಸುವ ಅಧಿಕಾರವು ಬರೆದುಕೊಟ್ಟ ವೈದ್ಯರದು.

ಹಾಗೆಂದು ರೋಗಿಯು ಏನೂ ತಿಳಿಯದೆ ಕುಳಿತಿರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕನಿಷ್ಠವೆಷ್ಟು, ಗರಿಷ್ಠವೆಷ್ಟು, ಮಾಸ್ಕಿನ ಜಾತಿ ಮತ್ತು ಅಳತೆ ಯಾವುದು, ಇವನ್ನು ಕಾಗದದ ಮೇಲೆ ಬರೆಯಿಸಿಕೊಂಡು ರೇಷನ್ ಕಾರ್ಡಿನ ಜೊತೆಗೆ ಇಟ್ಟಿರಬೇಕು. ಯಂತ್ರವು ದಿನವೂ ಬರೆದಿಡುವ ಮೂರು ಅಂಕಗಳನ್ನು ಓದಲು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ಎಷ್ಟು ಗಂಟೆ ಬಳಸಲಾಯಿತು, ಉಳಿದುಕೊಂಡ ಉಸಿರುಗಟ್ಟುಗಳು ಗಂಟೆಗೆ ಎಷ್ಟು, ಸೋರಿಕೆ ಎಷ್ಟು, ಇವೇ ಆ ಮೂರು. ಉಳಿದುಕೊಂಡವು ಐದರೊಳಗಿರಬೇಕು. ಸೋರಿಕೆಗೆ ಒಂದೊಂದು ಕಂಪೆನಿಯದು ಒಂದೊಂದು ಲೆಕ್ಕ. ರೆಸ್ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ ೨೪ ಲೀಟರನ್ನು ಮೀರಬಾರದು. ಸೋರಿಕೆ ಹೆಚ್ಚಿದ ರಾತ್ರಿ ಮಿಕ್ಕ ಅಂಕಗಳನ್ನೂ ನಂಬುವಂತಿಲ್ಲ. ಮಾಸ್ಕನ್ನು ಮೊದಲು ಸರಿಪಡಿಸಬೇಕು, ಒತ್ತಡದ ಚಿಂತೆ ಆಮೇಲೆ. ಯಂತ್ರವನ್ನು ಕೊಳ್ಳುವ ಮುನ್ನ ಅಂಗಡಿಯವರನ್ನು ಎರಡು ಮಾತು ಕೇಳಬೇಕು: ಮಾಸ್ಕು ಕೂರದಿದ್ದರೆ ಬದಲಿಸಿಕೊಡುವಿರಾ? ಒಂದು ತಿಂಗಳು ಬಾಡಿಗೆಗೆ ಕೊಡುವಿರಾ? ವೈದ್ಯರನ್ನು ಕೇಳತಕ್ಕದ್ದು ಒಂದೇ: ಒಂದು ತಿಂಗಳಿಗೆ ಈ ಚೀಟಿಯನ್ನು ಓದುವವರು ಯಾರು? ಇದಕ್ಕೆ ಸ್ಪಷ್ಟವಾದ ಉತ್ತರ ಬಾರದಲ್ಲಿ ಬೇರೆ ಕಡೆ ನೋಡುವುದೇ ವಿಹಿತ.

ಹಳೆಯ ಯಂತ್ರವನ್ನು ಅರ್ಧ ಬೆಲೆಗೆ ಕೊಳ್ಳುವ ಆಸೆಯುಳ್ಳವರು ಒಂದು ವಿಷಯವನ್ನು ತಿಳಿದಿರಬೇಕು. ಸದ್ದಡಗಿಸಲೆಂದು ಒಳಗಿಟ್ಟ ಸ್ಪಂಜು ಪುಡಿಯಾಗಿ ಉಸಿರಿನೊಡನೆ ಒಳಕ್ಕೆ ಹೋಗಬಹುದೆಂಬ ಕಾರಣದಿಂದ ಫಿಲಿಪ್ಸ್ ಕಂಪೆನಿಯವರು ೨೦೨೧ರ ಜೂನಿನಲ್ಲಿ ತಮ್ಮ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆದರು. ಅಂತಹ ಯಂತ್ರವು ಕೈಯಿಂದ ಕೈಗೆ ದಾಟಿ ನಿಮ್ಮ ಮನೆಗೆ ಬಂದೀತು. ಮಾದರಿಯ ಹೆಸರನ್ನು ವಿಚಾರಿಸದೆ ಹಣ ಕೊಡಬಾರದು.

ಮಲೆನಾಡಿನ ಮನೆಗಳಿಗೆ ಸಲ್ಲುವ ಕೆಲವು ಮಾತುಗಳು. ಆಷಾಢದ ಗಾಳಿಗೆ ಮರ ಮುರಿದು ಕರೆಂಟು ಹೋದರೆ ಎರಡು ದಿನವಾದರೂ ಬಾರದಿರುವುದು ನಮಗೆ 새ದೇನಲ್ಲ. ಇನ್ವರ್ಟರು ಇರುವವರು ಅದು ಯಂತ್ರಕ್ಕೆ ಹೊಂದುವುದೇ ಎಂದು ಮಳೆಗಾಲಕ್ಕೆ ಮೊದಲೇ ಕೇಳಿಕೊಳ್ಳಬೇಕು. ನೀರನ್ನು ಬಿಸಿ ಮಾಡುವ ಭಾಗವನ್ನು ಆರಿಸಿದರೆ ಯಂತ್ರಕ್ಕೆ ತಗಲುವ ವಿದ್ಯುತ್ತು ಬಹಳ ಕಡಿಮೆಯಾಗುವುದರಿಂದ ಬ್ಯಾಟರಿಯು ಹೆಚ್ಚು ಹೊತ್ತು ಬರುವುದು. ನಮ್ಮ ಮಳೆಗಾಲದ ಗಾಳಿಯಲ್ಲಿಯೇ ತೇವವಿರುವಾಗ ಆ ಭಾಗದ ಅವಶ್ಯಕತೆಯೂ ಅಷ್ಟಿಲ್ಲ. ಚಳಿಗಾಲದ ಒಣಗಾಳಿಯಲ್ಲಿ ಬೇಕಾಗುವುದು. ಅದಕ್ಕೆ ಹಾಕುವ ನೀರು ಬಟ್ಟಿಯಿಳಿಸಿದ್ದಾಗಿರಬೇಕು. ದಿನವೂ ಚೆಲ್ಲಿ ಹೊಸದಾಗಿ ತುಂಬಬೇಕು. ಕೊಳವೆಯನ್ನೂ ಮಾಸ್ಕನ್ನೂ ಮೆದುವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು. ಬಟ್ಟೆಯೇ ಬೂಸಲು ಹಿಡಿಯುವ ಊರಿನಲ್ಲಿ ಕೊಳವೆಯು ಹಿಡಿಯದೆ ಬಿಟ್ಟೀತೇ? ಹಗಲಲ್ಲಿ ಅದರ ಬಾಯಿಗೆ ತೆಳುಬಟ್ಟೆ ಕಟ್ಟಿ ತೂಗಹಾಕಿದರೆ ಇರುವೆ ಹಲ್ಲಿಗಳ ಕಾಟವೂ ತಪ್ಪುವುದು. ಕವಳ ಹಾಕುವವರು ಬಾಯಿಯನ್ನು ಚೆನ್ನಾಗಿ ಮುಕ್ಕಳಿಸದೆ ಮಾಸ್ಕು ಧರಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಈ ಯಂತ್ರದಿಂದ ಸಕಲವೂ ಸಿದ್ಧಿಸುವುದೆಂದು ನಾವು ಹೇಳಲಾರೆವು. ಹೃದಯಾಘಾತ ಪಾರ್ಶ್ವವಾಯುಗಳನ್ನು ಇದು ತಡೆಯುವುದೇ ಎಂದು ಎರಡು ಸಾವಿರದ ಏಳುನೂರು ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲವು ೨೦೧೬ರಲ್ಲಿ ಪ್ರಕಟವಾಯಿತು, ತಡೆದುದು ಕಾಣಲಿಲ್ಲ. ಆದರೆ ಅವರು ಯಂತ್ರವನ್ನು ಧರಿಸಿದುದು ರಾತ್ರಿಗೆ ಸರಾಸರಿ ಮೂರು ಗಂಟೆಯ ಮೇಲೆ ಕೆಲವು ನಿಮಿಷ ಮಾತ್ರ ಎಂಬುದನ್ನೂ ನೆನೆಯಬೇಕು. ತೂಕಡಿಕೆ ತಗ್ಗಿದುದು, ಮನಸ್ಸು ಹಗುರವಾದುದು ಅದೇ ಪರೀಕ್ಷೆಯಲ್ಲಿ ಕಂಡುಬಂದಿತು. ಘಟ್ಟದ ರಸ್ತೆಯಲ್ಲಿ ವಾಹನ ನಡೆಸುವವರಿಗೆ ಅಷ್ಟೇ ಸಾಕಾದ ಕಾರಣ. ರೋಗವು ಅಲ್ಪವಾಗಿದ್ದವರು ಮಗ್ಗುಲಾಗಿ ಮಲಗುವುದು, ಮದ್ಯವನ್ನೂ ನಿದ್ರೆಯ ಗುಳಿಗೆಗಳನ್ನೂ ಬಿಡುವುದು, ತೂಕ ಇಳಿಸುವುದು, ಇವುಗಳಿಂದಲೇ ಗುಣ ಕಾಣಬಹುದು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುವರು. ತೂಕವಿಳಿಸುವ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ, ಸ್ಥೂಲಕಾಯರ ಈ ರೋಗಕ್ಕೆಂದೇ, ಅಮೆರಿಕದ ಸರ್ಕಾರವು ೨೦೨೪ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿದೆ. ಇವುಗಳಲ್ಲಿ ಯಾವುದು ಯಾರಿಗೆಂಬುದನ್ನು ವೈದ್ಯರು ನಿರ್ಣಯಿಸಬೇಕು.

ಇನ್ನೆರಡು ಮಾತು ಉಳಿದಿವೆ. ಯಾವ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದರೂ, ಅರಿವಳಿಕೆ ಕೊಡುವ ಡಾಕ್ಟರರಿಗೆ ಈ ರೋಗವಿರುವುದನ್ನು ಮುಂಚಿತವಾಗಿಯೇ ಹೇಳಿ, ಯಂತ್ರವನ್ನು ಜೊತೆಗೇ ಒಯ್ಯಬೇಕು. ಅರಿವಳಿಕೆಯ ಮಂಪರಿನಲ್ಲಿ ಗಂಟಲು ಇನ್ನಷ್ಟು ಸಡಿಲುವುದು. ಎರಡನೆಯದು ಮಧ್ಯಾಹ್ನದ ನಿದ್ರೆ. ಗ್ರೀಷ್ಮವೊಂದನ್ನು ಬಿಟ್ಟು ಮಿಕ್ಕ ಋತುಗಳಲ್ಲಿ ಹಗಲು ನಿದ್ರೆಯು ಸಾಮಾನ್ಯರಿಗೆ ಹಿತವಲ್ಲವೆಂದು ಚರಕನು ಹೇಳಿದ್ದಾನೆ, ಕೇಳುವವರು ಕಡಿಮೆ. ಯಂತ್ರವಿರುವವರು ಆ ನಿದ್ರೆಗೂ ಅದನ್ನು ಧರಿಸತಕ್ಕದ್ದು. ಊಟವಾದ ಮೇಲೆ ಜಗಲಿಯಲ್ಲಿ ಒರಗುವ ಅಭ್ಯಾಸವುಳ್ಳವರು ಜಗಲಿಯ ಗೋಡೆಗೂ ಒಂದು ಪ್ಲಗ್ಗು ಹಾಕಿಸಿಕೊಳ್ಳಬೇಕಾದೀತು.